ಇಬ್ಬರಿದ್ದರೆ ಇತಿಹಾಸ

ಬಿ.ಎ. ಎರಡನೆಯ ವರ್ಷ ಮುಗಿಯುವ ಹೊತ್ತಿಗೆ ನಾವೆಲ್ಲ ಒಂದು ಆಯ್ಕೆ ಮಾಡಬೇಕಿತ್ತು. ಎರಡು ವರ್ಷ ಇತಿಹಾಸವನ್ನೂ ರಾಜ್ಯಶಾಸ್ತ್ರವನ್ನೂ ಸಮನಾಗಿ ಓದಿದವರು ಮೂರನೆಯ ವರ್ಷಕ್ಕೆ ಒಂದನ್ನು ಮೇಜರ್, ಇನ್ನೊಂದನ್ನು ಮೈನರ್ ಮಾಡಿಕೊಳ್ಳಬೇಕು. ಬಸವಕಲ್ಯಾಣದ ನಮ್ಮ ಕಾಲೇಜಿನಲ್ಲಿ ಹೆಚ್ಚುಕಡಿಮೆ ಎಲ್ಲರೂ ರಾಜ್ಯಶಾಸ್ತ್ರದ ಕಡೆಗೆ ಹೋದರು. ನೌಕರಿಯ ಪರೀಕ್ಷೆಗಳಿಗೆ ಅದೇ ಒಳ್ಳೆಯದು ಎಂಬ ಮಾತು ಎಲ್ಲರ ಬಾಯಲ್ಲಿತ್ತು. ಇತಿಹಾಸವನ್ನು ಮೇಜರ್ ಮಾಡಿಕೊಳ್ಳುತ್ತೇನೆ ಎಂದವಳು ನಾನೊಬ್ಬಳೇ. ಏನನ್ನೂ ಹೇಳದೆ ಉಳಿದವಳು ಮಂಠಾಳದ ನನ್ನ ಗೆಳತಿ.

ಪ್ರಾಂಶುಪಾಲರು ನನ್ನನ್ನು ಕರೆಸಿದರು. "ಒಬ್ಬಾಕಿ ಸಲುವಾಗಿ ಮೇಜರ್ ನಡ್ಸಾಕ ಬರಂಗಿಲ್ಲಮ್ಮ. ಇನ್ನೊಬ್ಬರನ್ನ ಕರ್ಕೊಂಡ್ ಬಾ, ಮುಂದಿಂದು ನಾ ನೋಡ್ಕೋತೀನಿ" ಎಂದರು.

"ಆತ್ರಿ ಸರ್" ಎಂದು ಹೊರಗೆ ಬಂದೆ. ಅದೇ ದಿನ ರಜೆ ಶುರುವಾಯಿತು. ಗೆಳತಿ ಊರಿಗೆ ಹೋಗಿಬಿಟ್ಟಿದ್ದಳು.

ಗೆಳತಿ ಎಂಬುದು ನನ್ನ ಲೆಕ್ಕದಲ್ಲಿ. ಎರಡು ವರ್ಷ ಒಂದೇ ಬೆಂಚಿನಲ್ಲಿ ಕೂತಿದ್ದೆವು. ಅವಳು ಮಾತಾಡುತ್ತಿದ್ದಳು, ನಾನು ಕೇಳುತ್ತಿದ್ದೆ. ಅವಳ ಮನೆಗೆ ನಾನು ಹೋಗಿರಲಿಲ್ಲ, ಅವಳನ್ನು ನಮ್ಮೂರು ಘಾಟಬೋರಾಳಕ್ಕೆ ಕರೆದಿರಲೂ ಇಲ್ಲ. ನಮ್ಮೂರಿಗೆ ಹತ್ತಿರದ ಕಾಲೇಜು ಹುಮನಾಬಾದಿನಲ್ಲಿದೆ. ಆದರೆ ಅಲ್ಲಿ ಬಸ್ಸು ಇಳಿದರೆ ಸಾಕು, ಪರಿಚಯದವರು ಯಾರಾದರೂ ಎದುರಾಗುತ್ತಾರೆ. ಎಲ್ಲಿಗೆ ಹೊರಟೆ, ಯಾಕೆ, ಅಪ್ಪ ಏನು ಮಾಡುತ್ತಿದ್ದಾನೆ ಎಂದು ಕೇಳುತ್ತಾರೆ. ಉತ್ತರ ಹೇಳುವುದು ತಪ್ಪಲಿ ಎಂದೇ ದೂರದ ಬಸವಕಲ್ಯಾಣಕ್ಕೆ ಸೇರಿದ್ದೆ.

ಇತಿಹಾಸ ನನಗೆ ಹಿಡಿಸಿದ್ದೂ ಸುಮಾರು ಇದೇ ಕಾರಣಕ್ಕೆ. ಅಲ್ಲಿ ನಮ್ಮ ವಿಷಯ ಹೇಳಿಕೊಳ್ಳಬೇಕಾಗಿಲ್ಲ, ಬೇರೆಯವರ ವಿಷಯ ವಿಚಾರಿಸಿದರೆ ಸಾಕು. ಮೊದಲ ವರ್ಷ ನಮ್ಮ ಉಪನ್ಯಾಸಕರು ಕೋಟೆಗೆ ಕರೆದುಕೊಂಡು ಹೋಗಿ, ಕಂಡದ್ದನ್ನು ಒಂದು ಪುಟ ಬರೆಯಿರಿ ಎಂದಿದ್ದರು. ಬಾಗಿಲ ಕೆಳಗಿನ ಕಲ್ಲಿನಲ್ಲಿ, ಕದ ತಿರುಗಿ ತಿರುಗಿ ಬಿದ್ದ ನುಣುಪಾದ ಗುಳಿಯ ಬಗ್ಗೆ ಬರೆದೆ. ಆ ಬಾಗಿಲನ್ನು ದಿನಾಲೂ ತೆರೆದು ಮುಚ್ಚುತ್ತಿದ್ದರು ಎಂದೂ ಸೇರಿಸಿದ್ದೆ. ಅವರು ಆ ಸಾಲಿನ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ, "ಇದು ನಿಮಗೆ ಹೇಗೆ ತಿಳಿಯಿತು?" ಎಂದು ಬರೆದು ಕೊಟ್ಟರು. ನಾನು ಯಾರ ಮಗಳು ಎಂದು ಕೇಳಿದವರು ಬೇಕಾದಷ್ಟು ಜನ. ನನಗೆ ಒಂದು ವಿಷಯ ಹೇಗೆ ತಿಳಿಯಿತು ಎಂದು ಅದುವರೆಗೆ ಯಾರೂ ಕೇಳಿರಲಿಲ್ಲ.

ಇತಿಹಾಸ ತಗೋ ಎಂದು ಗೆಳತಿಗೆ ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು "ಹೂಂ, ಮತ್ತ?" ಎಂದು ಇಟ್ಟುಬಿಡುತ್ತೇನೆಂದು ಗೊತ್ತಿತ್ತು. ಬಸವಕಲ್ಯಾಣದ ಬಸ್‌ಸ್ಟ್ಯಾಂಡಿನಲ್ಲಿ ಬಾಳೆಹಣ್ಣು, ಸೇಬು ಕೊಂಡು ಮಂಠಾಳದ ಬಸ್ಸು ಹತ್ತಿದೆ. ಯಾರದೇ ಮನೆಗಾದರೂ ಮೊದಲ ಸಲ ಬರಿಗೈಯಲ್ಲಿ ಹೋಗಬಾರದೆಂದು ಅವ್ವ ಕಲಿಸಿದ್ದಳು.

ಗೆಳತಿಯ ಅಜ್ಜಿ ಕಟ್ಟೆಯ ಮೇಲೆ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದರು. ನಾನು ಹಣ್ಣಿನ ಚೀಲ ಮುಂದಿಟ್ಟು, "ಹುಮನಾಬಾದ್ ಕಡಿಯಿಂದ ಬಂದೀನ್ರಿ" ಎಂದೆ. ಅಜ್ಜಿ ಚೀಲ ನೋಡಿದರು, ನನ್ನನ್ನು ನೋಡಿದರು, ಬೇಳೆಯ ಮೊರ ಬದಿಗೆ ಸರಿಸಿ ಒಳಗೆ ಕೂಗಿದರು: "ಏ, ಬಂದಾರ ನೋಡ! ಜಮಖಾನಿ ಹಾಸು!"

ನಮ್ಮ ಕಡೆ ಹುಡುಗಿಯನ್ನು ನೋಡುವ ಶಾಸ್ತ್ರಕ್ಕೆ ಮುಂಚೆ ಗಂಡಿನ ಮನೆಯ ಹೆಂಗಸೊಬ್ಬಳು ಹಣ್ಣು ಹಿಡಿದುಕೊಂಡು, ಹೀಗೇ ಬಂದವಳಂತೆ ಬಂದು, ಮನೆ ನೋಡಿಕೊಂಡು ಹೋಗುವ ರೂಢಿಯಿದೆ. ಆ ವಾರ ಹುಮನಾಬಾದ್ ಕಡೆಯವರು ಬರುವುದಿತ್ತಂತೆ. ಇದು ನನಗೆ ಆಮೇಲೆ ತಿಳಿಯಿತು. ಆಗ ಜಮಖಾನೆಯ ಮೇಲೆ ಕೂತು ಅಜ್ಜಿಯ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದೆ.

"ನಿಮ್ಮಣ್ಣ ಏನ್ ಮಾಡ್ತಾನವ್ವಾ?"

"ನನಗ ಅಣ್ಣ ಇಲ್ರಿ ಆಯಿ."

"ತಮ್ಮ ಇರಬೇಕು ಹಂಗಾದ್ರ. ಇರ್ಲಿ, ಬಿಡು. ನೌಕರಿ ಏನರ ಅದ?"

"ಅವ ಒಂಬತ್ತನೇತ್ತ ಓದಾಕತ್ತಾನ್ರಿ."

ಅಜ್ಜಿ ಗಲ್ಲಕ್ಕೆ ಕೈ ಹಚ್ಚಿಕೊಂಡರು. "ಒಂಬತ್ತನೇತ್ತ! ಇನ್ನಾ ಮೀಸಿ ಮೂಡಿಲ್ಲ, ಏನ್ ಅವಸರ ಬಂದದವ್ವ ನಿಮಗ?"

ಅಷ್ಟರಲ್ಲಿ ಗೆಳತಿ ಹೊಸ ಡ್ರೆಸ್ಸು ಹಾಕಿಕೊಂಡು, ತಲೆ ತಗ್ಗಿಸಿ, ಚಹಾದ ತಟ್ಟೆ ಹಿಡಿದು ಬಂದಳು. ತಲೆಯೆತ್ತಿ ನನ್ನನ್ನು ಕಂಡವಳೇ ಚಹಾ ಚೆಲ್ಲುವಷ್ಟು ನಕ್ಕಳು. "ಆಯಿ, ಇಕಿ ನನ್ನ ಬಾಜೂಕ ಕೂಡಾಕಿ! ಕಾಲೇಜಿನಾಕಿ!"

"ಹಂಗಾದ್ರ ಮೊದಲೇ ಹೇಳಬಾರದಾ? ಬಾಯಾಗ ಏನ್ ಇಟ್ಕೊಂಡಾಳ ಈಕಿ?" ಎಂದು ಅಜ್ಜಿ ಬೈದರು. ಬೈಯುತ್ತಲೇ ನನಗೆ ಒಂದು ಬಾಳೆಹಣ್ಣು ಸುಲಿದು ಕೊಟ್ಟರು.

ಗೆಳತಿ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ಬಸ್ಸಿನಲ್ಲಿ ಮನಸ್ಸಿನಲ್ಲೇ ಹೊಂದಿಸಿಕೊಂಡಿದ್ದ ಮಾತುಗಳೆಲ್ಲ ಬಿಟ್ಟುಹೋಗಿ, "ನೀ ಹಿಸ್ಟರಿ ತಗೋತೀ ಏನು? ನೀ ತಗೊಂಡ್ರ ನಂದೂ ಆಗ್ತದ" ಎಂದಷ್ಟೇ ಬಂತು.

ಅವಳು ನಗುವುದನ್ನು ನಿಲ್ಲಿಸಿದಳು. "ಎರಡ್ ವರ್ಷದಾಗ ನೀ ನನಗ ಏನೂ ಕೇಳಿದಾಕಿ ಅಲ್ಲ. ಕೇಳಿ ಕೇಳಿ ಇದನ್ನ ಕೇಳ್ದಿ ನೋಡು."

"ಆಗಂಗಿಲ್ಲೇನು?"

"ಒಳಗ ಜಮಖಾನಿ ನೋಡ್ದ್ಯಲ್ಲ? ಪೊಲೀಸ್ ಪರೀಕ್ಷಾಕ್ಕ ಓದಾಕತ್ತೇನಿ, ಪೊಲಿಟಿಕಲ್ ಸೈನ್ಸ್ ಬೇಕೇ ಬೇಕು ಅಂತ ಅಪ್ಪಗ ಹೇಳೀನಿ. ಅವರು ಹೂಂ ಅಂದಾರ. ಈಗ ಯಾರ್ ನೋಡಾಕ ಬಂದ್ರೂ ಪರೀಕ್ಷಾ ಮುಗಿಯೋತನಕ ಮದುವಿ ಮಾಡಂಗಿಲ್ಲ. ಈಗ ಹಿಸ್ಟರಿ ಅಂದ್ರ, ಓದಾಕ ಮನಸಿಲ್ಲ ಇಕಿಗೆ, ಕೊಟ್ಟುಬಿಡೂಣು ಅಂತಾರ." ನನ್ನ ಕೈ ಹಿಡಿದುಕೊಂಡು, "ಬ್ಯಾರೆ ಏನರ ಕೇಳು, ಖರೇ ಮಾಡ್ತೀನಿ. ಇದೊಂದ್ ಬ್ಯಾಡ" ಎಂದಳು.

ಬೇರೆ ಏನೂ ಕೇಳುವುದಿರಲಿಲ್ಲ. ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಲೂ ನನಗೆ ಆಗಲಿಲ್ಲ. ಬಸ್ಸು ಬರುವವರೆಗೆ ಅವಳು ಜೊತೆಗೆ ನಿಂತಿದ್ದಳು.

ಅವಳ ಜೊತೆಗೇ ಉಳಿದು ಇತಿಹಾಸವನ್ನು ಮೈನರ್ ಮಾಡಿಕೊಳ್ಳಬಹುದಿತ್ತು. ಅದೇ ಬೆಂಚು, ಅದೇ ಮಾತು. ರಜೆಯಿಡೀ ಅದನ್ನೇ ಯೋಚಿಸಿದೆ. ಕೊನೆಗೆ ಮೂರನೆಯ ವರ್ಷಕ್ಕೆ ಹುಮನಾಬಾದಿನ ಕಾಲೇಜಿಗೆ ವರ್ಗ ಮಾಡಿಸಿಕೊಂಡೆ. ಅಲ್ಲಿ ಇತಿಹಾಸ ಮೇಜರ್ ನಡೆಯುತ್ತಿತ್ತು. "ಇದೇ ಕಾಲೇಜಿಗೆ ಬರೂದಿತ್ತಂದ್ರ ಮೊದಲೇ ಬರಬೇಕಿತ್ತಲ್ಲ" ಎಂದು ಅಪ್ಪ ಒಮ್ಮೆ ಅಂದರು, ಮುಂದೆ ಕೆದಕಲಿಲ್ಲ.

ಹೊಸ ತರಗತಿಯವರು ಎರಡು ವರ್ಷದಿಂದ ಒಟ್ಟಿಗಿದ್ದವರು. ಅವರ ನಗೆಚಾಟಿಕೆಗಳಿಗೆಲ್ಲ ಹಿಂದಿನದೊಂದು ಕತೆ ಇರುತ್ತಿತ್ತು, ನಾನು ಅರ್ಥವಾದಂತೆ ಮುಖ ಮಾಡಿಕೊಂಡು ಕೂರುತ್ತಿದ್ದೆ. ಮಂಠಾಳದ ಗೆಳತಿಯಿಂದ ಮೊದಮೊದಲು ದಿನಾ ಮೆಸೇಜು ಬರುತ್ತಿತ್ತು, ಆಮೇಲೆ ಹಬ್ಬಗಳಿಗೆ. ನಾನು ಉತ್ತರ ಬರೆಯುವುದರಲ್ಲಿ ನಿಧಾನ. ಊರಿನ ಸ್ಥಳೀಯ ಇತಿಹಾಸ ಬರೆಯುವ ಕೆಲಸವನ್ನು ಸರ್ ಇಬ್ಬಿಬ್ಬರಿಗೆ ಹಂಚಿದಾಗ ಜೋಡಿಗಳೆಲ್ಲ ಆಗಲೇ ಆಗಿದ್ದವು.

"ನೀವು ಯಾರ ಜೋಡಿ?" ಎಂದರು.

"ಒಬ್ಬಾಕಿನೇ ಮಾಡ್ತೀನ್ರಿ ಸರ್" ಎಂದೆ. ನಮ್ಮೂರಿನ ಹಳೆಯ ಬಾವಿಗಳ ವಿಷಯ ತೆಗೆದುಕೊಂಡೆ.

ಭಾನುವಾರ ಪಕ್ಕದ ಮನೆಯ, ಗೋಡೆ ಕಟ್ಟುವ ಗೌಂಡಿಯಿಂದ ಅಳತೆಯ ಟೇಪು ಇಸಿದುಕೊಂಡು ಊರ ಹೊರಗಿನ ಮೆಟ್ಟಿಲ ಬಾವಿಗೆ ಹೋದೆ. ಒಳಗೆ ನೀರಿಲ್ಲ, ಜಾಲಿ ಬೆಳೆದಿದೆ. ಟೇಪಿನ ಒಂದು ತುದಿಯ ಮೇಲೆ ಕಲ್ಲಿಟ್ಟು ಇನ್ನೊಂದು ತುದಿಗೆ ನಡೆದರೆ, ಅರ್ಧ ದಾರಿಯಲ್ಲಿ ಕಲ್ಲು ಜಾರಿ ಟೇಪು ಸರ್ರನೆ ಡಬ್ಬಿಯೊಳಗೆ ಸೇರುತ್ತಿತ್ತು. ಹೊಲಕ್ಕೆ ಹೊರಟಿದ್ದ ವಯಸ್ಸಾದ ಹೆಂಗಸೊಬ್ಬರು ನಿಂತು ನೋಡಿದರು.

"ಏನ್ ಅಳಿಯಾಕತ್ತಿ ತಂಗಿ? ಮಾರ್ತಾರೇನು ಇದನ್ನ?"

"ಇಲ್ರಿ, ಕಾಲೇಜಿಂದು. ಮೊದಲ ಇಲ್ಲಿ ಯಾರ್ಯಾರು ನೀರ್ ತುಂಬ್ತಿದ್ರು, ಆಯಿ?"

"ನನಗೇನ್ ಕೇಳ್ತಿ? ನಮಗ ಇಲ್ಲಿ ಮೆಟ್ಲಾ ಇಳಿಯಾಕ ಬಿಡ್ತಿದ್ದಿಲ್ಲ. ನಮ್ಮ ಬಾವಿ ಹಳ್ಳದ ಕಡೀಗದ, ಸಣ್ಣದು." ಒಂದೆರಡು ಹೆಜ್ಜೆ ಹೋಗಿ ತಿರುಗಿದರು. "ಅದನ್ನೂ ಅಳೀತಿ ಏನು?"

"ಅಳೀತೀನ್ರಿ."

ಅವರು ನಂಬಿದರೋ ಇಲ್ಲವೋ ತಿಳಿಯಲಿಲ್ಲ, ಬುತ್ತಿಯ ಗಂಟು ಸರಿಮಾಡಿಕೊಂಡು ಹೋದರು. ಅವರ ಮಾತನ್ನು ಮರೆಯುವ ಮೊದಲು ಹಾಳೆಯಲ್ಲಿ ಬರೆದುಕೊಂಡೆ. ಆಮೇಲೆ ಟೇಪಿನ ತುದಿಗೆ ಇಡಲು ಇನ್ನೂ ಸ್ವಲ್ಪ ದೊಡ್ಡ ಕಲ್ಲು ಹುಡುಕಲು ಎದ್ದೆ.