ಗಿರಣಿ ಅಕ್ಕನ ಹೊಸ್ತಿಲು

ಕಳೆದ ವಾರ ಆಟೋದಲ್ಲಿ ಕರೂರು ಕೈಗಾರಿಕಾ ಪ್ರದೇಶದ ಕಡೆ ಹೊರಟಿದ್ದೆ. ತಂಗಿಯ ಮಗಳು ಅಲ್ಲಿಗೆ ಹತ್ತಿರ ಹೊಸ ಮನೆ ಮಾಡಿದ್ದಾಳೆ, ಒಮ್ಮೆ ಬಂದು ಹೋಗು ಎಂದು ಜೀವ ತಿಂದಿದ್ದಳು. ಅರ್ಧ ದಾರಿಯಲ್ಲಿ ರಸ್ತೆ ಅಗೆದು ಹಾಕಿದ್ದರು. ದಾವಣಗೆರೆಯಲ್ಲಿ ಎಲ್ಲಾದರೂ ಒಂದು ಕಡೆ ರಸ್ತೆ ಅಗೆಯದ ದಿನ ಇದೆಯೇ? ಆಟೋ ನಿಂತಿತು. ಪಕ್ಕದ ಯಾವುದೋ ಸಂದಿಯಿಂದ ಒಂದು ವಾಸನೆ ಬಂತು. ಆಗಷ್ಟೇ ಬೀಸಿದ ಜೋಳದ ಹಿಟ್ಟಿನ ಬಿಸಿ ವಾಸನೆ, ಅದರ ಜೊತೆಗೆ ಬೆಲ್ಟಿನ ರಬ್ಬರ್ ಕಾದ ವಾಸನೆ... ಮೂಗಿಗೆ ತಾಗಿದ್ದೇ ತಡ, ಗಿರಣಿ ಅಕ್ಕ ಕಣ್ಣ ಮುಂದೆ ಬಂದಳು. ಹುಬ್ಬಿನ ಮೇಲೂ ರೆಪ್ಪೆಯ ಮೇಲೂ ಹಿಟ್ಟು. ಆಟೋದವನು ಬೇರೆ ದಾರಿ ಹಿಡಿಯಲಾ ಎಂದು ಕೇಳಿದ. ಬೇಡಪ್ಪ, ಸ್ವಲ್ಪ ಹೊತ್ತು ಇಲ್ಲೇ ಇರಲಿ ಎಂದೆ. ಇವಳಿಗೇನಾಗಿದೆ ಎನ್ನುವ ಹಾಗೆ ಕನ್ನಡಿಯಲ್ಲಿ ನೋಡಿದ. ನೋಡಲಿ ಬಿಡಿ.

ನಾನು ಹರಿಹರದವಳು, ಹೊಳೆದಂಡೆಯ ಓಣಿಯಲ್ಲಿ ಬೆಳೆದವಳು. ಮದುವೆಯಾಗಿ ಇಲ್ಲಿಗೆ ಬಂದಾಗ ನಮ್ಮ ಓಣಿಗೆ ಮಣ್ಣಿನ ರಸ್ತೆ. ಎರಡೂ ಕಡೆ ಹತ್ತಿ ಮಿಲ್ಲಿನಲ್ಲಿ ದುಡಿದವರು ಕಟ್ಟಿಸಿಕೊಂಡ ಹೆಂಚಿನ ಮನೆಗಳು. ನಮ್ಮ ಎದುರುಮನೆಯೇ ಹಿಟ್ಟಿನ ಗಿರಣಿ. ಮುಂದಿನ ಕೋಣೆಯಲ್ಲಿ ಗಿರಣಿ, ಹಿಂದೆ ಸಂಸಾರ. ಮೊದಲು ಅಕ್ಕನ ಗಂಡ ಅದನ್ನು ನಡೆಸುತ್ತಿದ್ದರು. ಅವರು ಎದೆನೋವಿನಿಂದ ಹೋದಾಗ ಮಗ ಇನ್ನೂ ಶಾಲೆಗೆ ಹೋಗುತ್ತಿದ್ದ. ತಿಂಗಳು ಕಳೆದ ಮೇಲೆ ಅಕ್ಕ ಸೆರಗು ಸಿಕ್ಕಿಸಿಕೊಂಡು ತಾನೇ ಗಿರಣಿ ಶುರು ಮಾಡಿದಳು. ಹೆಂಗಸು ಗಿರಣಿ ನಡೆಸುವುದುಂಟೇ ಎಂದು ಮೂಗು ಮುರಿದವರೇ ಮರುವಾರ ಡಬ್ಬಿ ಹೊತ್ತುಕೊಂಡು ಬಂದರು. ಹೊಟ್ಟೆಗೆ ರೊಟ್ಟಿ ಬೇಕಲ್ಲ!

ಅವಳ ಪದ್ಧತಿಯೇ ಬೇರೆ. ಮೊದಲು ಬಂದವರಿಗೆ ಮೊದಲು ಎಂಬ ಲೆಕ್ಕ ಅಲ್ಲಿ ನಡೆಯುತ್ತಿರಲಿಲ್ಲ. ಬೆಳಗ್ಗೆ ಜೋಳ, ಜೋಳದ ಡಬ್ಬಿಗಳೆಲ್ಲ ಮುಗಿದ ಮೇಲೆ ಗೋಧಿ, ಕೊನೆಗೆ ರಾಗಿ. ಒಂದರ ಹಿಟ್ಟು ಇನ್ನೊಂದಕ್ಕೆ ಬೆರೆಯಬಾರದು. ದೊಡ್ಡ ಅಧಿಕಾರಿಯ ಹೆಂಡತಿ ಕಾರಿನಲ್ಲಿ ಬಂದರೂ, ಗೋಧಿ ತಂದಿದ್ದರೆ ಗೋಧಿಯ ಸರದಿ ಬರುವ ತನಕ ಕಾಯಬೇಕು. ಡಬ್ಬಿ ಇಟ್ಟು ಮನೆಗೆ ಹೋಗಬಹುದಿತ್ತು. ಹೋಗದೆ ಕಟ್ಟೆಯ ಮೇಲೆ ಕೂತು ಹರಟುವವರೇ ಹೆಚ್ಚು, ನಾನಂತೂ ಅದರಲ್ಲಿ ಮೊದಲನೆಯವಳು. ಗಿರಣಿಯ ಸದ್ದಿನಲ್ಲಿ ಮಾತಾಡಿ ಮಾತಾಡಿ ನಮ್ಮ ಓಣಿಯ ಹೆಂಗಸರ ಗಂಟಲೇ ದೊಡ್ಡದಾಯಿತು ಎಂದು ನಮ್ಮವರು ಕಾಡಿಸುತ್ತಿದ್ದರು.

ನಾನು ಬಂದ ಹೊಸತರಲ್ಲಿ ಅಕ್ಕನ ಹೊಸ್ತಿಲು ಮುಟ್ಟಬೇಕಾದರೆ ಮೆಟ್ಟಿಲು ಹತ್ತಬೇಕಿತ್ತು. ಆಮೇಲೆ ಓಣಿಗೆ ಡಾಂಬರು ಬಂತು. ಕೆಸರು ತಪ್ಪಿತು ಎಂದು ಎಲ್ಲರೂ ಕುಣಿದದ್ದೇ ಕುಣಿದದ್ದು. ನೀರಿನ ಪೈಪು ಹಾಕಲು ಅದನ್ನು ಅಗೆದರು, ಮುಚ್ಚಿದರು, ಮೇಲೆ ಮತ್ತೆ ಡಾಂಬರು ಸುರಿದರು. ಒಳಚರಂಡಿಗೆ ಅಗೆದರು, ಮತ್ತೆ ಜಲ್ಲಿ, ಮತ್ತೆ ಡಾಂಬರು. ಹಳೆಯದನ್ನು ಕೆತ್ತಿ ತೆಗೆದು ಹೊಸದು ಹಾಕಿ ಎಂದರೆ, ಆಯ್ತಮ್ಮ ಆಯ್ತಮ್ಮ ಎನ್ನುತ್ತಲೇ ಅದರ ಮೇಲೆಯೇ ರೋಲರ್ ಓಡಿಸಿಕೊಂಡು ಹೋಗುತ್ತಿದ್ದರು. ಊರು ಬೆಳೆಯಿತು ಎಂದು ಜನ ಹೇಳುತ್ತಾರೆ. ನಮ್ಮ ಓಣಿಯಂತೂ ಮೇಲಕ್ಕೇ ಬೆಳೆಯಿತು. ಕೈಯಲ್ಲಿ ಸ್ವಲ್ಪ ದುಡ್ಡು ಆಡುತ್ತಿದ್ದವರು ಹೆಂಚು ಇಳಿಸಿ, ತಳಪಾಯ ಎತ್ತರಿಸಿ ಆರ್‌ಸಿಸಿ ಮನೆ ಕಟ್ಟಿಕೊಂಡರು. ನಾವೂ ಸಾಲ ಮಾಡಿ ಕಟ್ಟಿದೆವು. ಗಿರಣಿ ಅಕ್ಕನ ಮನೆ ಮಾತ್ರ ಇದ್ದ ಹಾಗೇ ಇತ್ತು. ಹತ್ತಿ ಹೋಗುತ್ತಿದ್ದ ಬಾಗಿಲಿಗೆ ಈಗ ಇಳಿದು ಹೋಗಬೇಕಾಯಿತು.

ಕೊನೆಗೆ ಕಾಂಕ್ರೀಟ್ ರಸ್ತೆ ಬಂತು. ಅದು ಮುಗಿದ ದಿನ ವಾರ್ಡಿನ ಮುಖಂಡರು ಬಂದು ಪೂಜೆ ಮಾಡಿ ಓಣಿಯ ನಡುವೆ ತೆಂಗಿನಕಾಯಿ ಒಡೆದರು. ಕಾಯಿಯ ನೀರು ನುಣುಪಾದ ರಸ್ತೆಯ ಮೇಲೆ ನೆಟ್ಟಗೆ ಗೆರೆ ಎಳೆದ ಹಾಗೆ ಹರಿದು, ಅಕ್ಕನ ಹೊಸ್ತಿಲು ದಾಟಿ ಒಳಗೆ ಹೋಯಿತು. ಎಲ್ಲರೂ ಅಕ್ಕನ ಕಡೆ ತಿರುಗಿದರು. ಅಕ್ಕನೇ ಮೊದಲು ನಕ್ಕಳು. "ಬಿಡ್ರಿ, ಮೊದಲ್ನೇ ತೀರ್ಥ ನಮ್ಮನಿಗೇ ಬಂತಲ್ಲ" ಎಂದಳು. ಜನ ನಕ್ಕು ಪೇಢೆ ತಿಂದರು. ನನಗೆ ನಗು ಬರಲಿಲ್ಲ. ಹೊಳೆದಂಡೆಯವಳು ನಾನು, ನೀರು ಒಮ್ಮೆ ದಾರಿ ನೋಡಿಕೊಂಡರೆ ಮತ್ತೆ ಬಂದೇ ಬರುತ್ತದೆ ಎಂದು ಗೊತ್ತು.

ಅಷ್ಟು ಹೊತ್ತಿಗೆ ಅವಳ ಮಗ ಕರೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇಥ್ ಕೆಲಸಕ್ಕೆ ಸೇರಿ, ಮದುವೆಯಾಗಿದ್ದ. ನೆಲ ಎತ್ತರಿಸಿ ಹೊಸ್ತಿಲು ಎಬ್ಬಿಸಿ ಇಡೋಣ ಎಂದು ಗಂಡ ಹೆಂಡತಿ ಇಬ್ಬರೂ ಹೇಳಿ ಹೇಳಿ ಸೋತರು. ಅಕ್ಕ ಒಂದೊಂದು ಸಲ ಒಂದೊಂದು ನೆವ ಹೇಳುತ್ತಿದ್ದಳು. ಒಮ್ಮೆ ಗಿರಣಿಯ ಬುಡ ಅಲುಗಬಾರದು ಎನ್ನುವಳು, ಇನ್ನೊಮ್ಮೆ ಹೆಂಚಿನ ಮಾಡು ತಗ್ಗು, ತಲೆ ತಾಗುತ್ತದೆ ಎನ್ನುವಳು, ಮತ್ತೊಮ್ಮೆ ಆಷಾಢ ಕಳೆಯಲಿ ಎನ್ನುವಳು. ಆಷಾಢ ಎಷ್ಟು ಬಂದವೋ ಎಷ್ಟು ಹೋದವೋ. ಸೊಸೆ ನನ್ನ ಹತ್ತಿರ ಬಂದು, ಸಣ್ಣತ್ತಿ, ನೀವಾದರೂ ಹೇಳಿ ಎಂದು ಕಣ್ಣೀರು ಹಾಕಿದಳು. ಅವಳು ನನ್ನನ್ನು ಕರೆಯುತ್ತಿದ್ದದ್ದೇ ಸಣ್ಣತ್ತಿ ಎಂದು. ಮಳೆ ಬಂದಾಗೆಲ್ಲ ಬಾಗಿಲಿಗೆ ಗೋಣಿಚೀಲ ಒತ್ತಿ ಒತ್ತಿ ಅವಳ ಸೊಂಟ ಬಿದ್ದುಹೋಗಿತ್ತು.

ಒಂದು ಸಂಜೆ ಗಿರಣಿ ನಿಂತ ಮೇಲೆ ಹೋದೆ. ಅಕ್ಕ ಕಸಬರಿಗೆಯಿಂದ ಹಿಟ್ಟು ಗುಡಿಸುತ್ತಿದ್ದಳು. ಯಾಕ ಅಕ್ಕ ಇಷ್ಟು ಹಟ, ಮನೆ ಬಾವಿಯಾಗುವ ತನಕ ಕಾಯುತ್ತೀಯೇನು ಎಂದು ಜೋರಾಗಿಯೇ ಕೇಳಿದೆ. ಅವಳು ಬಹಳ ಹೊತ್ತು ಗುಡಿಸಿದ ಜಾಗವನ್ನೇ ಗುಡಿಸಿದಳು. ಆಮೇಲೆ ಹೊಸ್ತಿಲ ಕಡೆ ನೋಡುತ್ತಾ ಹೇಳಿದಳು.

"ಅದನ್ನ ಇಟ್ಟಾಗ ನಾನೂ ಅವ್ರೂ ಜೋಡಿ ಕುಂತಿದ್ವಿ. ಈಗ ಎಬ್ಬಿಸಿದ್ರೆ ಮಗ ಸೊಸೆ ಕೂಡ್ತಾರೆ. ಕೂಡ್ಲಿ, ನಾನೇನು ಬ್ಯಾಡ ಅನ್ನಲ್ಲ. ನಾನೆಲ್ಲಿ ನಿಂದ್ರಲಿ, ಅದನ್ನ ಹೇಳು."

ನಮ್ಮ ಕಡೆ ಹೊಸ್ತಿಲು ಇಡುವಾಗ ಮನೆಯ ದಂಪತಿ ಎರಡು ಮಣೆಯ ಮೇಲೆ ಕೂಡುತ್ತಾರೆ. ಕೆಳಗೆ ನವಧಾನ್ಯ ಹಾಕಿ, ಅರಿಸಿನ ಕುಂಕುಮ ಇಟ್ಟು, ಇಬ್ಬರೂ ಹೊಸ್ತಿಲ ಮೇಲೆ ಕೈಯಿಡುತ್ತಾರೆ. ಗಂಡ ಇಲ್ಲದವಳು ಕೂಡುವುದಿಲ್ಲ. ಹಾಗೆಂದು ಯಾರೂ ಎಲ್ಲೂ ಬರೆದಿಲ್ಲ. ಶರಣರು ಇಂಥದ್ದನ್ನೆಲ್ಲ ಎಂದೋ ಕಿತ್ತು ಹಾಕಿದರು ಎಂದು ನಮ್ಮ ಜನ ಸಭೆಯಲ್ಲಿ ಗಂಟಲು ಹರಿದುಕೊಳ್ಳುತ್ತಾರೆ, ಹೊಸ್ತಿಲ ಹತ್ತಿರ ಬಂದಾಗ ಮಾತ್ರ ಮುತ್ತೈದೆಯರನ್ನು ಹುಡುಕುತ್ತಾರೆ. ಇಡೀ ಮನೆಯನ್ನು ತನ್ನ ತೋಳಿನ ಮೇಲೆ ನಡೆಸಿದವಳಿಗೆ ಆ ಒಂದು ದಿನ ಹೊರಗಿನವಳಂತೆ ನಿಲ್ಲುವುದು ಬೇಕಿರಲಿಲ್ಲ. ಅದಕ್ಕೇ ನೀರು ಒಳಗೆ ಬಂದರೂ ಪರವಾಗಿಲ್ಲ ಎಂದು ಕೂತಿದ್ದಳು. ನಾನು ಹಣೆತುಂಬ ಕುಂಕುಮ ಇಟ್ಟುಕೊಂಡು, ಈಗಿನ ಕಾಲದಲ್ಲಿ ಅದನ್ನೆಲ್ಲ ಯಾರು ನೋಡುತ್ತಾರೆ ಅಕ್ಕ ಎಂದೆ. ಹೇಳುವುದಕ್ಕೇನು, ನಾಲಿಗೆಗೆ ಎಲುಬಿಲ್ಲ. ಅವಳು ನನ್ನ ಮುಖ ನೋಡಿ ಸುಮ್ಮನೆ ನಕ್ಕಳು...

ಆ ವರ್ಷದ ಪಂಚಮಿ ಹಬ್ಬದ ಹಿಂದಿನ ದಿನ ಮಳೆ ಹೊಡೆಯಿತು. ಪಂಚಮಿಗೆ ಅಳ್ಳಿಟ್ಟು ಬೇಕೇ ಬೇಕು, ಹಾಗಾಗಿ ಹುರಿದ ಜೋಳದ ಡಬ್ಬಿಗಳು ಗಿರಣಿಯಲ್ಲಿ ಗೋಡೆಯುದ್ದಕ್ಕೂ ಸಾಲಾಗಿದ್ದವು. ಓಣಿಯ ನೀರೆಲ್ಲ ಕಾಂಕ್ರೀಟಿನ ಮೇಲೆ ಜಾರಿಕೊಂಡು ಅಕ್ಕನ ಬಾಗಿಲಿಗೆ ನುಗ್ಗಿತು. ಗೋಣಿಚೀಲ ಯಾವ ಲೆಕ್ಕ? ನಾವು ಓಡಿ ಹೋಗಿ ನೋಡಿದರೆ ಅವಳು ಮೇನ್ ಸ್ವಿಚ್ ಆರಿಸಿ, ಮೊಣಕಾಲುದ್ದದ ನೀರಿನಲ್ಲಿ ನಿಂತು, ನಮ್ಮ ಡಬ್ಬಿಗಳನ್ನು ಮೇಲೆತ್ತಿ ಇಡುತ್ತಿದ್ದಳು. ತನ್ನ ಮಂಚದ ಮೇಲೆ ಡಬ್ಬಿ, ಟ್ರಂಕಿನ ಮೇಲೆ ಡಬ್ಬಿ, ದೇವರ ಜಗಲಿಯ ಮೇಲೂ ಡಬ್ಬಿ. ತಗ್ಗಿನಲ್ಲಿದ್ದ ಮೋಟಾರು ಮುಳುಗಿಯೇ ಹೋಗಿತ್ತು. ಒಬ್ಬರ ಜೋಳಕ್ಕೂ ಒಂದು ಹನಿ ತಾಗಿರಲಿಲ್ಲ. ನಿಮ್ಮ ನಿಮ್ಮ ಡಬ್ಬಿ ತಗೊಂಡು ಹೋಗಿ, ಬೇರೆ ಗಿರಣಿಯಲ್ಲಿ ಬೀಸಿಸಿಕೊಳ್ಳಿ, ಹಬ್ಬ ನಿಲ್ಲಬಾರದು ಎಂದಳು. ಕೆಲಸದಿಂದ ಬಂದ ಮಗನಿಗೆ ಹೇಳಿದ್ದು ಒಂದೇ ಮಾತು, ಹೊಸ್ತಿಲು ಎಬ್ಬಿಸು ಎಂದು.

ದೀಪಾವಳಿ ಕಳೆದ ಮೇಲೆ ದಿನ ನೋಡಿದರು. ಕಡರನಾಯಕನಹಳ್ಳಿಯಿಂದ ಅಕ್ಕನ ಗಂಡನ ಅಕ್ಕ ಬಂದರು, ಓಣಿಯವರೆಲ್ಲ ಸೇರಿದೆವು. ನವಧಾನ್ಯ ಆರಿಸಿದವಳು ಅಕ್ಕ, ಮಣೆ ತೊಳೆದವಳು ಅಕ್ಕ, ರಂಗೋಲಿ ಹಾಕಿದವಳೂ ಅಕ್ಕ. ಪೂಜೆ ಮಾಡಿಸುವ ಅಯ್ಯನವರು ಬಂದು ಕೂತರು. ಹಾಕಿದ್ದು ಎರಡೇ ಮಣೆ. ನೀನು ಕೂಡಬೇಡ ಎಂದು ಯಾರೂ ಹೇಳಲಿಲ್ಲ. ಕೂಡು ಎಂದೂ ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಅಕ್ಕ ಯಾರ ಮುಖವನ್ನೂ ನೋಡದೆ ಒಳಗೆ ಹೋದಳು. ನೆಲ ಎತ್ತರಿಸಲೆಂದು ಗಿರಣಿಯನ್ನು ಬಿಚ್ಚಿ ಕಲ್ಲುಗಳನ್ನು ಹಿಂದಿನ ಕೋಣೆಯಲ್ಲಿ ಇಟ್ಟಿದ್ದರು. ಬೀಸಿ ಬೀಸಿ ಕಲ್ಲು ನುಣುಪಾದರೆ ಉಳಿ ಸುತ್ತಿಗೆ ಹಿಡಿದು ಕುಟ್ಟಿ ಒರಟು ಮಾಡಬೇಕು. ಅಕ್ಕ ಆ ಕೆಲಸಕ್ಕೆ ಕೂತಳು.

ಹೊರಗೆ ಮಂತ್ರ, ಒಳಗೆ ಟಕ್ ಟಕ್. ಈ ಹೊತ್ತಿನಲ್ಲಿ ಅವಳಿಗೇನು ಅವಸರವೋ ಎಂದು ಊರಿಂದ ಬಂದ ಅತ್ತಿಗೆ ಗೊಣಗಿದರು. ಅಯ್ಯನವರು ದನಿ ಏರಿಸಿದರು. ಒಳಗಿನ ಸದ್ದು ಏರಲೂ ಇಲ್ಲ, ಇಳಿಯಲೂ ಇಲ್ಲ. ನವಧಾನ್ಯ ಹಾಕಬೇಕಾದ ಸೊಸೆ ಹಿಂದಿನ ಕೋಣೆಯ ಕಡೆ ತಿರುಗಿ ನೋಡಿದ್ದು ನನಗೆ ಕಾಣಿಸಿತು. ಪೂಜೆ ಮುಗಿದ ಮೇಲೆ ಅಕ್ಕ ಹೊರಗೆ ಬಂದಳು. ಮೈಮೇಲೆಲ್ಲ ಕಲ್ಲಿನ ಪುಡಿ. ಕಲ್ಲು ಬಹಳ ಸವೆದಿತ್ತು ಎಂದು ಹೇಳಿ, ಎಲ್ಲರಿಗೂ ಎಲೆ ಹಾಕಿ, ಒತ್ತಾಯ ಮಾಡಿ ಹೋಳಿಗೆ ಬಡಿಸಿದಳು. ನನ್ನ ಎಲೆಯ ಹತ್ತಿರ ಬಂದಾಗ ಮಾತ್ರ ಒಂದು ಕ್ಷಣ ನಿಂತು, ತುಪ್ಪ ಹಾಕದೆ ಮುಂದೆ ಹೋಗಿಬಿಟ್ಟಳು. ಸಿಟ್ಟೋ, ಮರೆವೋ... ಕೇಳುವ ಧೈರ್ಯ ನನಗಿರಲಿಲ್ಲ.

ಗಿರಣಿ ಮತ್ತೆ ಶುರುವಾಯಿತು. ನೀರು ಒಳಗೆ ಬರುವುದು ನಿಂತಿತು. ಅಕ್ಕ ಮೊದಲಿನ ಹಾಗೆಯೇ ಇದ್ದಳು, ಜೋಳದ ನಡುವೆ ಗೋಧಿ ನುಗ್ಗಿಸಲು ಬಂದವರನ್ನು ಮೊದಲಿನ ಹಾಗೆಯೇ ಗದರುತ್ತಿದ್ದಳು. ಆಮೇಲೆ ಒಂದು ಬೇಸಿಗೆಯಲ್ಲಿ ಜ್ವರ ಬಂದು ಮಲಗಿದವಳು ಏಳಲಿಲ್ಲ. ಮಗನಿಗೆ ಕಾರ್ಖಾನೆ ಬಿಟ್ಟು ಗಿರಣಿಗೆ ಬರಲಾಗಲಿಲ್ಲ, ಓಣಿಯವರೂ ಪ್ಯಾಕೆಟ್ ಹಿಟ್ಟಿಗೆ ಬಿದ್ದಿದ್ದೆವು. ಆ ಕೋಣೆಯಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ ಇದೆ. ಅಕ್ಕ ಹೋದ ಮರುವರ್ಷ ನಮ್ಮವರೂ ಹೋದರು. ದಿನಾ ಹರಿಹರಕ್ಕೆ ಕೆಲಸಕ್ಕೆ ಹೋಗಿ ಬರುತ್ತಿದ್ದವರು, ನಿವೃತ್ತರಾಗಿ ಆರಾಮಾಗಿ ಕೂತು ಉಣ್ಣುತ್ತೇನೆ ಎಂದವರು, ಕೂತದ್ದು ಸ್ವಲ್ಪವೇ ದಿನ.

ಈ ವರ್ಷ ಓಣಿಗೆ ಮತ್ತೆ ಹೊಸ ರಸ್ತೆ ಬಂದಿದೆ. ಈ ಸಲವೂ ಹಳೆಯದರ ಮೇಲೆಯೇ. ಎದುರುಮನೆಯ ಹೊಸ್ತಿಲು ಮತ್ತೆ ತಗ್ಗಾಯಿತು. ಎಬ್ಬಿಸಿ ಇಡುತ್ತೇವೆ, ಸೋಮವಾರ ಪೂಜೆ ಎಂದು ಸೊಸೆ ಬಂದು ಹೇಳಿ ಹೋದಳು. ನಿನ್ನೆ ಹೋಗಿದ್ದೆ. ಹೋದವಳು ಹಿಂದೆ, ಕರೆಂಟ್ ಕಂಬದ ಪಕ್ಕ ನಿಂತೆ. ಅಲ್ಲಿ ನಿಲ್ಲು ಎಂದು ನನಗೂ ಯಾರೂ ಹೇಳಿರಲಿಲ್ಲ. ನಮ್ಮವರು ಹೋದ ಮೇಲೆ ಇಂಥ ಕಡೆ ಕಾಲು ತಾನಾಗಿಯೇ ಹಿಂದೆ ಹೋಗಿ ನಿಲ್ಲುತ್ತದೆ. ನಾನೆಲ್ಲಿ ನಿಂದ್ರಲಿ ಎಂದು ಅಕ್ಕ ಅಂದು ಕೇಳಿದ ಮಾತು ನನ್ನ ಕಿವಿಗೆ ನೆಟ್ಟಗೆ ಬಿದ್ದದ್ದು ನಿನ್ನೆ, ಆ ಕಂಬದ ಪಕ್ಕದಲ್ಲಿ.

ನೋಡಿದರೆ ಸೊಸೆ ಮೂರು ಮಣೆ ಹಾಕಿದ್ದಳು. ಅಯ್ಯನವರಿಗೆ ಬೇರೆ ಚಾಪೆ ಇತ್ತು. ಮೂರನೆಯದು ಯಾರಿಗೆ ಎಂದು ನಾನು ಯೋಚಿಸುತ್ತಿರುವಾಗಲೇ ಅವಳು ಜನರ ನಡುವೆ ದಾರಿ ಮಾಡಿಕೊಂಡು ನನ್ನ ಹತ್ತಿರ ಬಂದಳು.

"ಸಣ್ಣತ್ತಿ, ಬರ್ರಿ, ಕೂಡ್ರಿ."

ನನ್ನದೇನಿದೆಯವ್ವ, ಗಂಡ ಹೆಂಡತಿ ನೀವು ಕೂಡಿ ಎಂದು ಕೈ ಬಿಡಿಸಿಕೊಳ್ಳಲು ನೋಡಿದೆ. ಅವಳು ಬಿಡಲಿಲ್ಲ.

"ಅವತ್ತು ಅತ್ತಿನ್ನ ಕರೀಲಿಲ್ಲ ನಾನು. ಬಾಯೇ ಬರ್ಲಿಲ್ಲ. ಆ ಕಲ್ಲು ಕುಟ್ಟೋ ಸಪ್ಪಳ ಇನ್ನೂ ಕಿವಿಯಾಗ ಐತೆ. ಇವತ್ತು ನೀವು ಬ್ಯಾಡ ಅನಬ್ಯಾಡ್ರಿ."

ಹೋಗಿ ಕೂತೆ. ಸುತ್ತ ನಿಂತವರಲ್ಲಿ ಗುಸುಗುಸು ಆಯಿತು, ಆಮೇಲೆ ಅದೂ ನಿಂತಿತು. ಅಕ್ಕ ಬದುಕಿದ್ದಾಗ ಹಾಕಬೇಕಾಗಿದ್ದ ಮಣೆ ಅದು. ಅವಳಿಗೆ ಸಿಗಲಿಲ್ಲ, ಇನ್ನು ಸಿಗುವುದೂ ಇಲ್ಲ. ಅಯ್ಯನವರು ಕೂತವರ ಹೆಸರು ಒಂದೊಂದಾಗಿ ಕೇಳುತ್ತಾ ಬಂದರು. ಮಗ ತನ್ನ ಹೆಸರು ಹೇಳಿದ, ಸೊಸೆ ತನ್ನ ಹೆಸರು ಹೇಳಿದಳು. ನನ್ನನ್ನು ಕೇಳಿದಾಗ ನಾನು ಗಿರಣಿ ಅಕ್ಕನ ಹೆಸರು ಹೇಳಿದೆ. ಅಯ್ಯನವರು ಒಮ್ಮೆ ತಲೆಯೆತ್ತಿ ನನ್ನ ಮುಖ ನೋಡಿದರು. ಆಮೇಲೆ ಆ ಹೆಸರನ್ನೇ ಹಿಡಿದು ಮಂತ್ರ ಮುಂದುವರಿಸಿದರು.