ಆಡುಗಳಿಗೂ ತಿಳಿಯದ ಮಾತು

ಸದಲಗಾದ ಸತ್ತೆವ್ವನಿಗೆ ಈಗ ಅರವತ್ತೆರಡು. ಓಣಿಯಲ್ಲಿ ಆಕೆಯ ಬಾಯಿಗೆ ಹೆದರದವರಿಲ್ಲ. ಅಂಥ ಬಾಯಿ ಒಂದು ಗುಟ್ಟನ್ನು ನಲವತ್ತೈದು ವರ್ಷ ಬಿಟ್ಟುಕೊಡಲಿಲ್ಲ ಎಂದರೆ ನಂಬುವುದು ಕಷ್ಟ, ಆದರೂ ನಂಬಬೇಕು.

ಹುಡುಗಿಯರಾಗಿದ್ದಾಗ ಆಕೆ ಮತ್ತು ಪಕ್ಕದ ಓಣಿಯ ಸರ್ವರಬಿ ದೂಧಗಂಗೆಯ ದಂಡೆಗೆ ಆಡು ಹೊಡೆದುಕೊಂಡು ಹೋಗುತ್ತಿದ್ದರು. ಆ ವಯಸ್ಸಿಗೆ ಹೊಟ್ಟೆಯಲ್ಲಿ ನೂರೆಂಟು ಗುಟ್ಟು. ಹೇಳಿಕೊಳ್ಳುವುದು ಯಾವ ಭಾಷೆಯಲ್ಲಿ? ಕನ್ನಡ ಎಲ್ಲರಿಗೂ ಗೊತ್ತು, ಮರಾಠಿಯೂ ಗೊತ್ತು, ಸರ್ವರಬಿಯ ಮನೆಯ ಉರ್ದು ಸತ್ತೆವ್ವನ ಅವ್ವನಿಗೂ ತಿಳಿಯುತ್ತಿತ್ತು. ಅಲ್ಲಿ ಗುಟ್ಟು ಹೇಳುವುದೂ ಒಂದೇ, ಡಂಗುರ ಸಾರುವುದೂ ಒಂದೇ.

ಅದಕ್ಕೇ ಇಬ್ಬರೂ ಹೊಸ ಭಾಷೆ ಕಟ್ಟಲು ಕೂತರು. ಮೂರೂ ಭಾಷೆಗಳಲ್ಲಿ ಇಲ್ಲದ ದನಿಗಳೇ ಬೇಕೆಂದಳು ಸರ್ವರಬಿ. ಅಂಥವು ಅವರಿಗೆ ಗೊತ್ತಿದ್ದದ್ದು ಆಡು ಕಾಯುವ ಕೆಲಸದಲ್ಲಿ ಮಾತ್ರ. ತುಟಿ ಅದುರಿಸಿ ‘ಬುರ್ರ್’, ನಾಲಿಗೆಯನ್ನು ಅಂಗುಳಕ್ಕೆ ಬಡಿದು ‘ಟಕ್’, ಹಲ್ಲಿನ ಸಂದಿಯಿಂದ ಗಾಳಿ ಎಳೆದು ‘ತ್ಸ್’. ಇವನ್ನೇ ಜೋಡಿಸಿ ಮಾತು ಮಾಡಿದರು.

ಆಮೇಲೆ ಆದ ಫಜೀತಿ ಕೇಳಬೇಡಿ. ತನ್ನನ್ನು ನೋಡಲು ಬಂದಿದ್ದ ವರನ ಮೂಗಿನ ಸುದ್ದಿಯನ್ನು ಸರ್ವರಬಿ ಆ ಭಾಷೆಯಲ್ಲಿ ಹೇಳತೊಡಗಿದಳೋ ಇಲ್ಲವೋ, ಹದಿನಾಲ್ಕು ಆಡುಗಳು ಎದ್ದು ಪಕ್ಕದ ಹೊಲದ ಬಾಬಾಸಾಹೇಬನ ಕಬ್ಬಿಗೆ ನುಗ್ಗಿದವು. ಪಾಪ, ಅವುಗಳ ತಪ್ಪೇನು, ಹೋಗು ಅಂದದ್ದಕ್ಕೆ ಹೋದವು. ಬಾಬಾಸಾಹೇಬನ ಬೈಗುಳ ತಿಂದ ಮೇಲೆ ಪ್ರತಿಯೊಂದು ದನಿಯನ್ನೂ ಆಡುಗಳ ಮುಂದೆ ಆಡಿ ನೋಡಿದರು. ಕಿವಿ ನಿಮಿರಿದರೆ ಆ ದನಿ ರದ್ದು, ಇಲ್ಲವೇ ತಿರುಚಿ ಬೇರೆ ಮಾಡಬೇಕು. ತಿಂಗಳೊಪ್ಪತ್ತಿನಲ್ಲಿ ಒಂಬತ್ತು ದನಿ ಉಳಿದವು. ಮೂರನೆಯವರಿಗೆ ಕಲಿಸುವುದಿಲ್ಲ ಎಂದು ಇಬ್ಬರೂ ದೇವರ ಅರಿಶಿನದ ಭಂಡಾರ ಮುಟ್ಟಿ ಆಣೆ ಮಾಡಿದರು.

ಸರ್ವರಬಿ ಕೃಷ್ಣೆಯ ದಂಡೆಯ ಸತ್ತಿ ಎಂಬ ಊರಿಗೆ ಸೊಸೆಯಾಗಿ ಹೋದಳು. ಆಮೇಲೆ ಇಬ್ಬರೂ ಸಿಕ್ಕದ್ದೆಲ್ಲ ಮಂದಿಯ ನಡುವೆಯೇ, ಆ ಭಾಷೆ ಆಡಲು ಆಗಲಿಲ್ಲ. ಸತ್ತೆವ್ವ ಆಣೆ ಮುರಿಯಲಿಲ್ಲ, ಮಕ್ಕಳ ಮುಂದೆಯೂ ಆ ದನಿ ತೆಗೆಯಲಿಲ್ಲ. ಒಂಟಿಯಾಗಿದ್ದಾಗ ಗುನುಗಿಕೊಳ್ಳುತ್ತಿದ್ದಳು, ಬರಬರುತ್ತ ಅದೂ ನಿಂತಿತು. ಕಳೆದ ಶ್ರಾವಣದಲ್ಲಿ ನೆನೆಯಲು ಕೂತರೆ ಬಂದದ್ದು ನಾಲ್ಕೇ ದನಿ. ಆ ಚಿನ್ನದಂಥ ದಿನಗಳಿಂದ ಉಳಿದದ್ದು ಅದೊಂದೇ, ಅದೂ ಹೋದರೆ ಏನು ಗತಿ ಎಂದು ಆಕೆಯ ಜೀವ ಹೊಯ್ದಾಡಿತು. ಸರ್ವರಬಿಯೂ ಮರೆಯುವ ಮೊದಲು ಕೇಳಬೇಕೆಂದು ಸತ್ತಿಯ ಬಸ್ಸು ಹತ್ತಿಯೇಬಿಟ್ಟಳು.

ಹೊಸ್ತಿಲಲ್ಲಿ ಚಪ್ಪಲಿ ಬಿಡುವಾಗಲೇ ಒಳಗಿನಿಂದ ಕೇಳಿಸಿತು: ಆಡುಗಳಿಗೆ ತಿಳಿಯದಂತೆ ತಿರುಚಿದ ಅದೇ ಟಕ್, ತ್ಸ್, ಬುರ್ರ್. ಸರ್ವರಬಿ ರೊಟ್ಟಿ ಬಡಿಯುತ್ತ ಮಗಳು ಫರಹತಳೊಂದಿಗೆ ಅದೇ ಭಾಷೆಯಲ್ಲಿ ಸಲೀಸಾಗಿ ಜಗಳವಾಡುತ್ತಿದ್ದಳು.

ಸತ್ತೆವ್ವನ ಮೈ ಉರಿದುಹೋಯಿತು. “ಆಣಿ ಮುರದಿ ಹೌದಿಲ್ಲ? ನಾ ಹೆತ್ತ ಮಕ್ಕಳಿಗೂ ಹೇಳಿಲ್ಲ ಬೇ.”

ಸರ್ವರಬಿ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು. “ಹೌದ, ಮುರದೆ. ಈ ಮನಿಗೆ ಬಂದ ಹೊಸದಾಗಿ ಮನಸ್ಸ ಬಿಚ್ಚಿ ಮಾತಾಡಾಕ ನನಗ ಯಾರಿದ್ರ ಹೇಳ? ಇಕಿ ಹುಟ್ಟಿದ ಮ್ಯಾಲ ಇಕಿಗೆ ಕಲಿಸಿದೆ. ನೀ ಬೇಕಾಗಿದ್ದಿ, ನೀ ಇರಲಿಲ್ಲ.”

ಸತ್ತೆವ್ವ ಅಲ್ಲೇ ಕುಸಿದು ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. “ನಾ ಆಣಿ ಕಾಯಕೋತ ಕುಂತೆ, ಮಾತ ಕಳಕೊಂಡೆ. ನಾಕ ದನಿ ಉಳದಾವ ನೋಡ.”

“ಅಳಬ್ಯಾಡ್ರಿ ಮಾವಶಿ, ನಾ ಕಲಸ್ತೇನಿ” ಎಂದು ಫರಹತ ಎದುರಿಗೆ ಬಂದು ಕೂತಳು. ಕಲಿಸಿದಳು ಕೂಡ. ಆದರೆ ಸತ್ತೆವ್ವನ ಮುಂದಿನ ಹಲ್ಲು ಬಿದ್ದು ಯಾವ ಕಾಲವಾಯಿತೋ. ‘ತ್ಸ್’ ಎನ್ನಹೋದರೆ ಬರೀ ಗಾಳಿ ಬರುತ್ತಿತ್ತು. ಹತ್ತು ಸಲ ಪ್ರಯತ್ನಿಸಿ ಆಕೆ ನಾಚಿ ತಲೆ ತಗ್ಗಿಸಿದಳು.

ಸರ್ವರಬಿ ನೋಡುತ್ತ ನಿಂತವಳು ಹೇಳಿದಳು: “ಬಿಡ. ಹಲ್ಲ ಬೇಕಾಗೂ ದನಿ ಎಲ್ಲಾ ತಗದ ಹಾಕೂಣು. ಬ್ಯಾರೆ ಹುಡಕೂಣು.”

“ಹಂಗ ಮಾಡಿದ್ರ ಅರ್ಧಾ ಮಾತ ಬದಲಾಗ್ತಾವ, ಅಮ್ಮಾ” ಎಂದಳು ಫರಹತ.

“ಬದಲಾಗಲಿ” ಎಂದಳು ಸರ್ವರಬಿ, ಸತ್ತೆವ್ವನ ಪಕ್ಕ ಕೂಡುತ್ತ. “ಇಕಿಗೆ ಆಡಾಕ ಬರಲಾರದ ಮಾತ ತಗೊಂಡ ನಾ ಏನ ಮಾಡ್ಲಿ?”