ಟ್ಯಾಂಕ್ ಇಲ್ಲದೆ ಇಳಿದ ನೌಕೆ

ನಮ್ಮವರಿಗೆ ಚಿಕ್ಕಜಾಜೂರು ರೈಲ್ವೆ ಸ್ಟೇಷನ್ನಿನಲ್ಲಿ ಕೆಲಸ, ನನಗೆ ಹೊಳಲ್ಕೆರೆಯ ಕಾಲೇಜಿನಲ್ಲಿ ಪಾಠ. ಇಬ್ಬರಿಗೂ ಒಟ್ಟಿಗೆ ರಜೆ ಸಿಗುವುದೇ ಅಪರೂಪ. ಹಾಗೆ ಸಿಕ್ಕ ಭಾನುವಾರಗಳನ್ನೆಲ್ಲ ಒಂದು ಕಂಪ್ಯೂಟರ್ ಆಟ ತಿಂದುಹಾಕಿತು. ರಾಕೆಟ್ ಕಟ್ಟಿ, ಹಾರಿಸಿ, ಬೇರೆ ಬೇರೆ ಚಂದ್ರಗಳ ಮೇಲೆ ಇಳಿಸುವ ಆಟ. ಕಟ್ಟುವುದು ಅವರು, ಹಾರಿಸುವುದು ನಾನು. ಕೂತು ಮಾಡಿದ ತೀರ್ಮಾನವೇನಲ್ಲ. ಇಳಿಸುವ ತಾಳ್ಮೆ ಅವರಿಗಿಲ್ಲ, ಬಿಡಿಭಾಗ ಜೋಡಿಸುವ ತಾಳ್ಮೆ ನನಗಿಲ್ಲ.

ಒಂದು ಪುಟ್ಟ ಚಂದ್ರನ ಮೇಲೆ ನೆಲ ಕೊರೆದು, ಅದಿರು ತೆಗೆದು, ಅದನ್ನು ಅಲ್ಲೇ ಇಂಧನ ಮಾಡಿಕೊಂಡು ವಾಪಸ್ಸು ಬರಬೇಕು ಅನ್ನುವುದು ನಮ್ಮ ಆಸೆ. ಹೋಗುವಷ್ಟು ಇಂಧನ ಮಾತ್ರ ತುಂಬಿಸಿಕೊಂಡು ಹೊರಡುತ್ತಿದ್ದೆವು. ಇಳಿಯುವಾಗ ಪ್ರತಿ ಸಲ ಪಲ್ಟಿ. ಕೊನೆಗೊಂದು ಮಧ್ಯಾಹ್ನ ನೌಕೆ ನೆಟ್ಟಗೆ ನಿಂತಿತು. ನಾನು ಕಿರುಚಿದ್ದಕ್ಕೆ ಪಕ್ಕದ ಕ್ವಾರ್ಟರ್ಸಿನವರು ಬಾಗಿಲಿಗೆ ಬಂದು, "ಏನಾಯ್ತ್ರಿ?" ಅಂದರು.

ಡ್ರಿಲ್ ಇಳಿಸಿದೆ. ಧೂಳೆದ್ದಿತು, ಅಷ್ಟೇ. ಅದಿರಿನ ಸುಳಿವೇ ಇಲ್ಲ. ನೌಕೆಯನ್ನು ಸುತ್ತಲಿಂದಲೂ ತಿರುಗಿಸಿ ನೋಡಿದೆ.

"ರೀ, ಅದಿರು ತುಂಬೋ ಟ್ಯಾಂಕ್ ಎಲ್ಲಿ?"

"ತೆಗ್ದೆ. ತೂಕ ಜಾಸ್ತಿ ಆಗ್ತಿತ್ತು."

"ಅಗೆದದ್ದನ್ನ ಎಲ್ಲಿ ತುಂಬ್ಲಿ ಮತ್ತೆ?"

"ಇಂಧನ ಮಾಡೋ ಮಷೀನ್ ಐತಲ್ಲ. ಸೀದಾ ಅದಕ್ಕೇ ಹೋಗ್ತೈತೆ ಅನ್ಕಂಡೆ."

ಹಾಗೆ ಹೋಗುವುದಿಲ್ಲ. ಅದಿರು ಮೊದಲು ಟ್ಯಾಂಕಿಗೆ ಬೀಳಬೇಕು, ಅಲ್ಲಿಂದ ಮಷೀನಿಗೆ. ಎಷ್ಟೇ ಚಿಕ್ಕದಾಗಿರಲಿ, ಒಂದು ಟ್ಯಾಂಕ್ ಬೇಕೇ ಬೇಕು. ಉಳಿದಿದ್ದ ಇಂಧನದಲ್ಲಿ ನೌಕೆ ಮೇಲೇಳುವಂತಿರಲಿಲ್ಲ. ಟ್ಯಾಂಕ್ ತೆಗೆದದ್ದಕ್ಕಿಂತ ಹೇಳದೆ ತೆಗೆದದ್ದು ನನಗೆ ಉರಿ ಹತ್ತಿಸಿತು. ಮನೆಯಲ್ಲೂ ಇವರದು ಇದೇ ಚಾಳಿ. ಜಾಗ ಸಾಲದು ಅಂತ ನನ್ನ ಹೊಲಿಗೆ ಮಷೀನನ್ನು ನನಗೆ ತಿಳಿಸದೆಯೇ ಭೀಮಸಮುದ್ರದ ಅವರಕ್ಕನ ಮನೆಗೆ ಸಾಗಿಸಿದವರು.

ಆ ವಾರ ಚಿತ್ರದುರ್ಗಕ್ಕೆ ಹೋಗುವಾಗ ಬಸ್ಸಿನಲ್ಲೂ ಅದೇ ಜಗಳ.

"ದೊಡ್ಡ ಟ್ಯಾಂಕ್ ಇಟ್ಟಿದ್ರೆ ಮೇಲಕ್ಕೇ ಏರ್ತಿರ್ಲಿಲ್ಲ ಕಣೇ," ಅಂದರು ಇವರು.

ಮುಂದಿನ ಸೀಟಿನ ಹಿರಿಯರೊಬ್ಬರು ಹಿಂತಿರುಗಿ, "ಒಂದು ಕ್ರೇನ್ ಕರೆಸ್ರಿ. ನಮ್ಮನೆ ನೀರಿನ ಟ್ಯಾಂಕ್ ಹಂಗೇ ಏರ್ಸಿದ್ದು," ಅಂದರು.

"ಆಗ್ಲಿ ಕಣಣ್ಣ, ಹಂಗೇ ಮಾಡ್ತೀವಿ," ಅಂದರು ಇವರು ಗಂಭೀರವಾಗಿ. ನನಗೆ ನಗುವೂ ಬರಲಿಲ್ಲ.

ಮುಂದಿನ ರಜೆಯಲ್ಲಿ ಚಕ್ರಗಳ ಮೇಲೆ ಟ್ಯಾಂಕ್ ಕೂರಿಸಿದ ಇನ್ನೊಂದು ನೌಕೆ ಕಟ್ಟಿಕೊಟ್ಟರು. ಮೊದಲನೆಯದರ ಹತ್ತಿರವೇ ಇಳಿಸಿದೆ. ಉರುಳಿಸಿಕೊಂಡು ಹೋಗಿ ಜೋಡಿಸಿಬಿಟ್ಟರೆ ಆಯಿತು. ಇವರು ಕಿವಿಯ ಹತ್ತಿರ ಕೂತು, "ನಿಧಾನ, ನಿಧಾನ, ಎಡಕ್ಕೆ, ಅಯ್ಯೋ ಎಡಕ್ಕೆ," ಅನ್ನುತ್ತಲೇ ಇದ್ದರು. ಬ್ರೇಕ್ ಒತ್ತುವಷ್ಟರಲ್ಲಿ ಟ್ಯಾಂಕು ಹೋಗಿ ಗುದ್ದಿತು. ಅಷ್ಟು ಕಷ್ಟಪಟ್ಟು ನಿಲ್ಲಿಸಿದ್ದ ಮೊದಲ ನೌಕೆ ನಿಧಾನಕ್ಕೆ ವಾಲಿ ಮಲಗಿಬಿಟ್ಟಿತು.

ಲ್ಯಾಪ್‌ಟಾಪನ್ನು ಅವರ ತೊಡೆಗೆ ನೂಕಿದೆ. "ಇನ್ಮೇಲೆ ನಾನ್ ಕಟ್ತೀನಿ. ನೀವು ಇಳಿಸ್ರಿ."

ಕಟ್ಟಿಯೂ ಬಿಟ್ಟೆ. ಮೊದಲು ನಡುಮಧ್ಯೆ ಟ್ಯಾಂಕ್ ಇಟ್ಟು, ಮಿಕ್ಕದ್ದನ್ನೆಲ್ಲ ಅದರ ಸುತ್ತ ಜೋಡಿಸಿದೆ. ಇವರು ಹಾರಿಸಿದರು. ಇಳಿಯುವಾಗ ಹಲ್ಲು ಕಚ್ಚಿ ಕೂತಿದ್ದರು, ಹಣೆಯಲ್ಲಿ ಬೆವರು. ನಾನು ಬೇಕಂತಲೇ ತುಟಿ ಬಿಚ್ಚಲಿಲ್ಲ. ನೌಕೆ ನೆಲಕ್ಕಪ್ಪಳಿಸಿ ಚೂರುಚೂರಾಯಿತು. ಟ್ಯಾಂಕ್ ಒಂದು ಮಾತ್ರ ಇಳಿಜಾರಿನಲ್ಲಿ ಉರುಳುತ್ತ ಹೋಯಿತು.

"ಟ್ಯಾಂಕ್‌ಗೆ ಏನೂ ಆಗಿಲ್ಲ ನೋಡೇ," ಅಂದರು. ಆಮೇಲೆ ದನಿ ತಗ್ಗಿಸಿ, "ಇಳಿಸೋದು ಇಷ್ಟ್ ಕಷ್ಟ ಅಂತ ಗೊತ್ತಿರ್ಲಿಲ್ಲ."

ನಾನು ಟೀ ಇಡಲು ಎದ್ದೆ.

ಆಟವನ್ನು ಇಬ್ಬರೂ ಬಿಟ್ಟಿಲ್ಲ. ಆ ಚಂದ್ರನಿಂದ ನಮ್ಮ ಒಂದು ನೌಕೆಯೂ ವಾಪಸ್ಸು ಬಂದಿಲ್ಲ. ಕಟ್ಟುವುದು ಮತ್ತೆ ಅವರೇ, ಹಾರಿಸುವುದು ನಾನೇ. ಈಗೀಗ ಹಾರಿಸುವ ಮುಂಚೆ ಏನು ತೆಗೆದೆ, ಏನು ಸೇರಿಸಿದೆ ಅಂತ ಇವರು ಬಾಯಿಬಿಟ್ಟು ಹೇಳುತ್ತಾರೆ. ಹೇಳಿದ ಮೇಲೂ ಜಗಳ ಆಗುತ್ತದೆ.